ಒತ್ತು, ಹಿಡಿ, ಬಿಡು

ವರ್ಕ್‌ಶಾಪಿನವನು ಕೇಳಿದ್ದು ನಾನೂರು ಯೂರೋ.
ಕ್ಲಚ್ ತಾನೆ, ನಾನೇ ಹಾಕ್ತೀನಿ, ಅಂದ ವಿಲ್ಮಾಂತಾಸ್.
ಎರಡು ಶನಿವಾರ, ಒಂದು ಭಾನುವಾರ,
ಬೆರಳ ಗೆಣ್ಣಿನ ಚರ್ಮವನ್ನಷ್ಟೂ ಖರ್ಚು ಮಾಡಿ
ಹಾಕಿಯೂ ಹಾಕಿದ.

ಕೀಲಿ ತಿರುವಿದೆ. ಎಂಜಿನ್ ಎದ್ದಿತು, ನಿಜ.
ಪೆಡಲನ್ನು ತಳಮುಟ್ಟ ತುಳಿದು ಮೊದಲ ಗೇರಿಗೆ ತಳ್ಳಿದರೆ
ಕರ್ರ್ ಎಂದು ಹಲ್ಲು ಕಡಿಯಿತು.
ರಿವರ್ಸಿಗೆ ತಳ್ಳಿದರೆ ಇನ್ನೂ ಜೋರು.
ಎಂಜಿನ್ ಆರಿಸಿದಾಗ ಮಾತ್ರ
ಬೆಣ್ಣೆಯಿಂದ ಕೂದಲೆಳೆದ ಹಾಗೆ ಐದೂ ಗೇರು.
ನಿಂತಾಗ ಎಲ್ಲಕ್ಕೂ ಒಪ್ಪುತ್ತದೆ,
ತಿರುಗತೊಡಗಿದರೆ ಯಾವುದಕ್ಕೂ ಒಗ್ಗದು.
ಇಂಥವರನ್ನು ಕಂಡಿದ್ದೇನೆ, ಅಂದೆ.
ಅವನು ನಗಲಿಲ್ಲ.

ತೆಲ್ಷೈ ಊರಾಚೆ ರೈಲುಹಳಿಯ ಮಗ್ಗುಲಿಗೆ
ಇನ್ನೂರು ಗ್ಯಾರೇಜುಗಳ ಸಾಲು.
ಅರ್ಧದಷ್ಟರಲ್ಲಿ ಕಾರುಗಳೇ ಇಲ್ಲ,
ಆಲೂಗೆಡ್ಡೆ, ಹಳೇ ಸೋಫಾ, ಸೌತೆಯ ಉಪ್ಪಿನಕಾಯಿ.
ಪಕ್ಕದ ಬಾಗಿಲಿಂದ ಜೆನೋನಾಸ್ ಇಣುಕಿದ:
ಪೈಪಿನೊಳಗೆ ಗಾಳಿ ಸೇರಿದೆ, ತೆಗೀರಿ.
ಯಾವ ಕಾಯಿಲೆಗೂ ಅವನು ಹೇಳುವುದು ಗಾಳಿಯೆಂದೇ.

ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಅವನು ಕೆಳಗೆ ಗುಂಡಿಯಲ್ಲಿ,
ನಾನು ಮೇಲೆ ಸೀಟಿನಲ್ಲಿ, ಎರಡು ಜೊತೆ ಕಾಲುಚೀಲ ಹಾಕಿ.
ಒತ್ತು.
ಒತ್ತಿದೆ.
ಹಿಡಿ.
ಹಿಡಿದೆ. ಕೆಳಗೆ ಸ್ಪ್ಯಾನರಿನ ಕಿರುಗುಟ್ಟು,
ಜಾಮ್ ಬಾಟಲಿಯಲ್ಲಿ ಒಂದು ಗುಳುಕು.
ಬಿಡು.
ನಲವತ್ತು ಸಲ, ಮೂರೇ ಮಾತು.
ಹದಿನೇಳು ವರ್ಷದ ಸಂಸಾರದಲ್ಲಿ
ಅವನು ಹೇಳಿದ್ದನ್ನು ಹೇಳಿದಾಗಲೇ ಮಾಡಿದ್ದು
ನಾನು ಆವತ್ತೊಂದೇ ದಿನ.
ಗುಳ್ಳೆ ನಿಂತವು. ಪೆಡಲ್ ಗಟ್ಟಿಯಾಯಿತು.
ಗೇರು ಮತ್ತೆ ಹಲ್ಲು ಕಡಿಯಿತು.

ಆಮೇಲೆ ಕೇಬಲ್ಲಿನ ಹಾಗೆ ಬಿಗಿದುಕೊಂಡ ಮೌನ.
ರಿಲೀಸ್ ಬೇರಿಂಗ್ ಜಾರಿರಬೇಕು, ಅಂದ ಒಮ್ಮೆ.
ಹೊಸ ಸಿಲಿಂಡರೇ ಸರಿಯಿಲ್ಲ, ಅಂದ ಇನ್ನೊಮ್ಮೆ.
ಪೋಲೆಂಡಿನ ಮಾಲು, ಅಂದ. ನನ್ನ ಅಣ್ಣನನ್ನೂ ಅಂದ,
ಜಾಕ್ ಅವನದಂತೆ.
ಎಲ್ಲರನ್ನೂ ಅಂದು ಮುಗಿದ ಮೇಲೆ
ಗೇರ್‌ಬಾಕ್ಸಿನ ಮೊದಲ ಬೋಲ್ಟು ಬಿಚ್ಚಿದ.

ನಡುರಾತ್ರಿ ಇಳಿಸಿದೆವು, ಹಸುವಿನ ಹೊಟ್ಟೆಯಿಂದ
ಕರು ಎಳೆದ ಹಾಗೆ, ಇಬ್ಬರೂ ತೋಳು ಕೊಟ್ಟು.
ಟಾರ್ಚ್ ಹಿಡಿದು ನೋಡಿದರೆ
ಹೊಸ ತಟ್ಟೆಯ ನಮ್ಮ ಕಡೆಯ ಮುಖದಲ್ಲಿ ಅಕ್ಷರ.
ಆವತ್ತೇ ಕಂಡಿದ್ದೆ ಅದನ್ನು, ಟೀ ತಂದಾಗ.
ಏನೋ ಬರೆದಿದೆಯಲ್ಲ, ಅಂದಿದ್ದೆ.
ಕಂಪನಿ ಹೆಸರು, ಅಂದಿದ್ದ, ತಿರುಗಿ ನೋಡದೆ.
ನಾಲ್ಕು ವರ್ಷ ಶಾಲೆಯಲ್ಲಿ ಕಲಿತ ಜರ್ಮನ್,
ಎಲ್ಲಿಯೂ ಬಳಸದ್ದು, ನನ್ನೊಳಗೆ ತಾನಾಗಿ ಓದಿಕೊಂಡಿತ್ತು:
ತೂಗುಚಕ್ರದ ಕಡೆ.
ಯಾವ ತೂಗು, ಯಾವ ಚಕ್ರ, ತಿಳಿಯದೆ
ಟೀ ಬಗ್ಗಿಸಿ ಬಂದಿದ್ದೆ.

ತಟ್ಟೆ ಬಿಚ್ಚಿದಾಗ ಕಂಡಿತು ಆ ಚಕ್ರ,
ಎಂಜಿನ್ನಿನ ಎದೆಗೆ ಕಚ್ಚಿ ಕುಳಿತದ್ದು;
ಬೋಲ್ಟುಗಳ ತಲೆಯ ಮೇಲೆ ಸುತ್ತಲೂ
ಹೊಸದಾಗಿ ತೀಡಿದ ಬಿಳಿ ಉಂಗುರ.
ಅಕ್ಷರ ಅತ್ತ ಮುಖ ಮಾಡಬೇಕಿತ್ತು.
ಅದು ಓದುತ್ತ ಕೂರಲೆಂದು ಬರೆದದ್ದಲ್ಲ.
ಒಮ್ಮೆ ಓದಿ, ಕತ್ತಲಿಗೆ ತಿರುಗಿಸಿ
ಮುಚ್ಚಿಬಿಡಲೆಂದು ಬರೆದದ್ದು.

ಏನದು? ಕೇಳಿದ ವಿಲ್ಮಾಂತಾಸ್.
ಅರ್ಥ ಹೇಳಿದೆ.
ಮೊದಲೇ ಹೇಳಬಾರದಿತ್ತೆ, ಎಂಬುದು
ಅವನ ತುಟಿಯವರೆಗೆ ಬಂತು. ನುಂಗಿದ.
ಮೊದಲೇ ಕೇಳಬಾರದಿತ್ತೆ, ಎಂಬುದು
ನನ್ನ ತುಟಿಯವರೆಗೆ. ನನ್ನದು ಸ್ವಲ್ಪ ಚೆಲ್ಲಿತು.

ಪ್ಲುಂಗೆಯ ಸಂತೆ ಮೂರನೆಯ ಶನಿವಾರವೂ ತಪ್ಪಿತು.
ಮೂವತ್ತು ಮುದ್ದೆ ಚೀಸಿನಲ್ಲಿ ಎರಡನ್ನು
ಜೆನೋನಾಸನಿಗೆ ಕೊಟ್ಟೆ. ಗಾಳಿ ತೆಗೆದಿರಿ,
ಸರಿಹೋಯಿತು ನೋಡಿ, ಅಂದ. ಹೂಂ ಅಂದೆವು.

ಗೇರು ಈಗ ಬೀಳುತ್ತದೆ, ಸದ್ದಿಲ್ಲದೆ.
ರಾತ್ರಿ ನಿದ್ದೆಗಣ್ಣಲ್ಲಿ ಅವನು ಏನೋ ಗೊಣಗಿದರೆ
ಹೊದಿಕೆಯೊಳಗೆ ನನ್ನ ಎಡಗಾಲು
ತಾನಾಗಿ ಚಾಚಿ, ಒತ್ತಿ, ಹಿಡಿದು
ಕಾಯುತ್ತದೆ.